ಇದು ನನ್ನ ತಲೆನೋವಲ್ಲ

ನಮ್ಮ ಮನೆಯಲ್ಲಿ ಅಮ್ಮನ ತಲೆನೋವಿಗೆಂದೇ ಒಂದು ಬಟ್ಟೆ ಇತ್ತು. ಹಳೆಯ ಪಂಚೆಯಿಂದ ಹರಿದ, ಮೂರು ಬೆರಳಗಲದ ಪಟ್ಟಿ. ತಿಂಗಳಿಗೆ ಎರಡು ಮೂರು ಸಲ, ಹೆಚ್ಚಾಗಿ ತಲೆಗೆ ನೀರು ಹಾಕಿಕೊಂಡ ದಿನವೋ ಏಕಾದಶಿ ಉಪವಾಸದ ದಿನವೋ, ಅಮ್ಮ ಸಾಣೆಕಲ್ಲಿನ ಮೇಲೆ ಒಣಶುಂಠಿ ತೇದು ಹಣೆಗೆ ಹಚ್ಚಿಕೊಂಡು, ಆ ಪಟ್ಟಿಯನ್ನು ಬಿಗಿದು ಕಟ್ಟಿ, ನಡುಮನೆಯ ಕಿಟಕಿ ಮುಚ್ಚಿ ಮಲಗುತ್ತಿದ್ದಳು. ಮಕ್ಕಳೆಲ್ಲ ಪಿಸುಮಾತಿನಲ್ಲೇ ಇರಬೇಕಿತ್ತು. ಒಗ್ಗರಣೆಯ ವಾಸನೆ ಕೂಡ ಅವಳಿಗೆ ಆಗುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಒಮ್ಮೆ ವಾಂತಿಯಾಗಿ, "ಪಿತ್ತ ಎಲ್ಲಾ ಹೋಯ್ತು, ಈಗ ಹಗುರ ಆಯ್ತು" ಎಂದು ಎದ್ದು ಮುಖ ತೊಳೆದು ದೀಪ ಹಚ್ಚುತ್ತಿದ್ದಳು. ಆ ನೋವಿಗೆ ಮೈಗ್ರೇನ್ ಎಂಬ ಹೆಸರಿದೆ ಎಂದು ನಮಗೆ ಗೊತ್ತಾಗುವ ಹೊತ್ತಿಗೆ ಅವಳಿಗೆ ಐವತ್ತು ದಾಟಿತ್ತು.

ಚಿಕ್ಕಮ್ಮ ತೀರಿಹೋಗಿದ್ದರಿಂದ ಅವಳ ಮಗಳ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಹೆರಿಗೆಯಾದ ಹನ್ನೆರಡನೆಯ ದಿನ ಅವಳಿಗೆ ತಲೆನೋವು ಶುರುವಾಯಿತು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕುಡಿಯಲು ಲೋಟ ಅಳೆದು ಕೊಡುವ ಕಾದಾರಿದ ನೀರು: ಪಥ್ಯವೆಲ್ಲ ಸರಿಯಾಗಿಯೇ ನಡೆದಿತ್ತು. ನೋಡಲು ಬಂದವರು "ಗಾಳಿ ಹೊಕ್ಕಿದೆ" ಎಂದರು. ಊರಿನ ಕ್ಲಿನಿಕ್ಕಿನಲ್ಲಿ "ನಿದ್ದೆಗೆಟ್ಟಿದ್ದಕ್ಕೆ ಹೀಗೆ" ಎಂದು ಮಾತ್ರೆ ಕೊಟ್ಟು ಕಳಿಸಿದರು. ಮೂರನೆಯ ದಿನ ಅವಳು ಅಮ್ಮನ ಕೈ ಹಿಡಿದು ಹೇಳಿದಳು: "ದೊಡ್ಡಮ್ಮ, ನಂಗೂ ನಿನ್ನ ಹಾಗೇ ತಲೆನೋವು ಬರ್ತಿತ್ತಲ್ಲ, ಇದು ಅದಲ್ಲ. ಮಲಗಿದ್ರೆ ಜಾಸ್ತಿ ಆಗುತ್ತೆ. ಕಣ್ಣೂ ಮಂಜುಮಂಜು." ಅಮ್ಮ ಹಚ್ಚುತ್ತಿದ್ದ ಬಾಮನ್ನು ಅಲ್ಲೇ ಬಿಟ್ಟು ಕಾರು ತರಿಸಿದಳು. ಆಸ್ಪತ್ರೆ ತಲುಪುವ ಮೊದಲೇ ಹುಡುಗಿಯ ಬಲಗೈ ಅದುರಿ ಫಿಟ್ಸ್ ಬಂತು. ಮೆದುಳಿನಿಂದ ರಕ್ತವನ್ನು ಹೊರಗೊಯ್ಯುವ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತು. ಮೂರು ವಾರದ ಮೇಲೆ ಅವಳು ಮಗುವನ್ನೆತ್ತಿಕೊಂಡು ಮನೆಗೆ ಬಂದಳು.

ಅಮ್ಮ ವೈದ್ಯೆಯಲ್ಲ. ಮೂವತ್ತು ವರ್ಷ ಒಂದೇ ಬಗೆಯ ನೋವಿನೊಡನೆ ಬಾಳಿದವಳು. "ಇದು ಅದಲ್ಲ" ಎನ್ನುವ ಮಾತಿನ ತೂಕ ಅವಳಿಗೆ ತಕ್ಷಣ ತಿಳಿಯಿತು. ಈ ವಿಷಯದ ಮೇಲೆ ನಾನು ಓದಿದ್ದು, ವೈದ್ಯರಿಂದ ಕೇಳಿದ್ದು ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಅವಳ ಆ ತಿಳಿವಳಿಕೆಯ ಬಳಿಯೇ. ನೋವು ಎಷ್ಟಿದೆ ಎಂಬುದರಿಂದ ಅಪಾಯ ಗೊತ್ತಾಗುವುದು ಕಡಿಮೆ. ಅದು ಹೇಗೆ ಶುರುವಾಯಿತು, ಜೊತೆಗೆ ಏನನ್ನು ತಂದಿತು, ಯಾರಿಗೆ ಬಂತು, ಹಿಂದಿನದಕ್ಕಿಂತ ಯಾವುದರಲ್ಲಿ ಬೇರೆ ಎಂಬುದರಿಂದ ಬಹಳ ಗೊತ್ತಾಗುತ್ತದೆ.

ತಲೆನೋವು ನಮ್ಮಲ್ಲಿ ಎಷ್ಟು ಸಾಮಾನ್ಯ ಎಂಬುದಕ್ಕೆ ಲೆಕ್ಕವಿದೆ. ನಿಮ್ಹಾನ್ಸ್‌ನ ಸಂಶೋಧಕರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 2,329 ಜನರನ್ನು ಮಾತಾಡಿಸಿ, 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹಿಂದಿನ ಒಂದು ವರ್ಷದಲ್ಲಿ ತಲೆನೋವು ಅನುಭವಿಸಿದವರು ಶೇ. 63.9. ಮೈಗ್ರೇನ್ ಇದ್ದವರು ಶೇ. 25.2, ಅಂದರೆ ನಾಲ್ವರಲ್ಲಿ ಒಬ್ಬರು. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಅದು ಹೆಚ್ಚು. ಹಳ್ಳಿಯ ಹೆಂಗಸು ಬಿಸಿಲಿನಲ್ಲಿ ಕಳೆ ಕೀಳುತ್ತ, ಊಟದ ಹೊತ್ತು ಮೀರಿಸುತ್ತ ಸಹಿಸಿಕೊಂಡು ಬಂದ ನೋವು ಇದು. ಅವಳ "ತಲೆಶೂಲೆ"ಯನ್ನು ಮನೆಯವರು ಕೇಳಿಸಿಕೊಳ್ಳುವುದನ್ನೇ ಬಿಟ್ಟಿರುತ್ತಾರೆ. ದಿನವೂ ಇರುವ ನೋವಿನ ನಡುವೆ ಹೊಸದೊಂದು ನೋವು ಬಂದರೆ ಯಾರ ಕಿವಿಗೂ ಬೀಳದೆ ಹೋಗುವುದು ಹೀಗೆ.

ತಲೆನೋವುಗಳನ್ನು ವೈದ್ಯರು ಎರಡು ದೊಡ್ಡ ಗುಂಪುಗಳಾಗಿ ನೋಡುತ್ತಾರೆ. ಮೈಗ್ರೇನ್, ಟೆನ್ಷನ್ ತಲೆನೋವುಗಳಂತೆ ನೋವೇ ಕಾಯಿಲೆಯಾಗಿರುವವು ಒಂದು ಕಡೆ. ಬೇರೊಂದು ಕಾಯಿಲೆ ತಲೆನೋವಾಗಿ ಕಾಣಿಸಿಕೊಳ್ಳುವವು ಇನ್ನೊಂದು ಕಡೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮೊದಲನೆಯ ಗುಂಪಿನವೇ. ಮೈಗ್ರೇನ್ ಸಾಮಾನ್ಯವಾಗಿ 4ರಿಂದ 72 ಗಂಟೆ ಇರುತ್ತದೆ, ಮಿಡಿಯುತ್ತದೆ, ಅನೇಕರಿಗೆ ಅರ್ಧ ತಲೆಗೆ ಬರುತ್ತದೆ. ನಡೆದರೆ, ಮೆಟ್ಟಿಲು ಹತ್ತಿದರೆ ಜಾಸ್ತಿ, ಬೆಳಕು, ಸದ್ದು ಬೇಡವೆನಿಸುತ್ತದೆ, ಹೊಟ್ಟೆ ತೊಳಸುತ್ತದೆ. ಅಮ್ಮ ಪಿತ್ತ ಎಂದುಕೊಂಡಿದ್ದ ವಾಂತಿ ಆ ದಾಳಿಯದೇ ಒಂದು ಭಾಗ. ತಲೆಸ್ನಾನದ ಮೇಲಿನ ಅವಳ ಗುಮಾನಿ ಮಾತ್ರ ಸರಿಯಾಗಿತ್ತು. ಮುಂಬೈನ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ತಲೆಗೆ ನೀರು ಹಾಕಿಕೊಂಡರೆ ಮೈಗ್ರೇನ್ ಬರುವ 94 ಭಾರತೀಯ ರೋಗಿಗಳ ಬಗ್ಗೆ 2006ರಲ್ಲೇ ಬರೆದಿದ್ದಾರೆ. ಉದ್ದ ಕೂದಲು, ಹೊತ್ತಿಗೆ ಒಣಗದ ತಲೆ ಎಂದು ನಮ್ಮ ಹೆಂಗಸರು ಹೇಳುತ್ತ ಬಂದದ್ದು ವೈದ್ಯಕೀಯ ಪತ್ರಿಕೆಗೆ ಹೋದದ್ದು ಎಷ್ಟೋ ಕಾಲದ ಮೇಲೆ.

ಸೈನಸ್ ಎಂದು ವರ್ಷಗಟ್ಟಲೆ ಔಷಧಿ ತೆಗೆದುಕೊಳ್ಳುವವರ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಸೈನಸ್ ತಲೆನೋವು ಎಂದು ತಾವೇ ಅಂದುಕೊಂಡ ಅಥವಾ ವೈದ್ಯರಿಂದ ಹೇಳಿಸಿಕೊಂಡ 2,991 ಜನರನ್ನು ಅಮೆರಿಕದಲ್ಲಿ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 88 ಜನರಿಗೆ ಇದ್ದದ್ದು ಮೈಗ್ರೇನ್ ಬಗೆಯ ನೋವು. ಬಿ.ಪಿ.ಯ ಕತೆಯೂ ಹೆಚ್ಚುಕಡಿಮೆ ಹೀಗೆಯೇ. ಸ್ವಲ್ಪ ಏರಿದ ಬಿ.ಪಿ. ಸಾಮಾನ್ಯವಾಗಿ ಸದ್ದಿಲ್ಲದೆ ಇರುತ್ತದೆ, ತಲೆನೋವು ಕೊಡುವುದಿಲ್ಲ. 180/120 ದಾಟಿ, ಜೊತೆಗೆ ಮಾತು ತಡವರಿಸಿದರೆ, ಕಣ್ಣು ಮಂಜಾದರೆ, ಎದೆ ಹಿಡಿದರೆ ಅದು ಬೇರೆ ಮಾತು, ಆಸ್ಪತ್ರೆಯ ಮಾತು.

ನೋವಿನ ತೀವ್ರತೆ ದಾರಿ ತಪ್ಪಿಸಲು ಒಂದು ಕಾರಣ ನಮ್ಮ ತಲೆಯ ರಚನೆಯಲ್ಲೇ ಇದೆ. ಮೆದುಳಿಗೆ ತನ್ನದೇ ಆದ ನೋವು ಗೊತ್ತಾಗುವುದಿಲ್ಲ. ನೋಯುವುದು ಅದನ್ನು ಸುತ್ತಿದ ಪೊರೆ, ದೊಡ್ಡ ರಕ್ತನಾಳಗಳು, ನರಗಳು, ಕತ್ತು ಮತ್ತು ನೆತ್ತಿಯ ಸ್ನಾಯುಗಳು. ಆದ್ದರಿಂದಲೇ ಮೆದುಳಿನೊಳಗೆ ಗಡ್ಡೆಯೊಂದು ನಿಧಾನವಾಗಿ ಬೆಳೆಯುತ್ತಿದ್ದರೂ ಬಹಳ ದಿನ ಮಂದವಾದ ನೋವಷ್ಟೇ ಇರಬಹುದು, ಅದೂ ಇಲ್ಲದಿರಬಹುದು. ಮೆದುಳಿಗೆ ಏನೂ ಆಗದ ಮೈಗ್ರೇನ್ ಮಾತ್ರ ಮನುಷ್ಯನನ್ನು ನೆಲಕ್ಕೆ ಕೆಡವಬಹುದು.

ಹಾಗಿದ್ದೂ ತೀವ್ರತೆಯೇ ಮಾತಾಡುವ ಒಂದು ಸಂದರ್ಭವಿದೆ. ಅಲ್ಲಿಯೂ ನೋಡಬೇಕಾದ್ದು ನೋವು ಏರಿದ ವೇಗವನ್ನು. ಸಿಡಿಲು ಬಡಿದಂತೆ, ಒಂದು ನಿಮಿಷದೊಳಗೆ ಶಿಖರ ಮುಟ್ಟುವ ತಲೆನೋವು. ಅನುಭವಿಸಿದವರು ಆ ಗಳಿಗೆಯನ್ನೇ ಹೇಳುತ್ತಾರೆ: "ಬಕೆಟ್ ಎತ್ತುತ್ತಿದ್ದೆ, ಹಿಂದಿನಿಂದ ಯಾರೋ ದೊಣ್ಣೆಯಲ್ಲಿ ಹೊಡೆದ ಹಾಗಾಯ್ತು." ಮೈಗ್ರೇನ್ ಎಷ್ಟೇ ಘೋರವಾದರೂ ಅರ್ಧ ಗಂಟೆ, ಒಂದು ಗಂಟೆ ತೆಗೆದುಕೊಂಡು ಏರುತ್ತದೆ. ಸಿಡಿಲಿನಂಥ ನೋವಿಗೆ ಬಹು ದೊಡ್ಡ ಭಯ ಮೆದುಳಿನ ಬುಡದ ರಕ್ತನಾಳದಲ್ಲಿ ಬಲೂನಿನಂತೆ ಉಬ್ಬಿದ ಜಾಗ ಒಡೆದು ಪೊರೆಯ ಕೆಳಗೆ ರಕ್ತ ಹರಡಿರುವುದು. ಜೊತೆಗೆ ವಾಂತಿ ಆಗಬಹುದು, ಒಂದು ಕ್ಷಣ ಎಚ್ಚರ ತಪ್ಪಬಹುದು, ಕೆಲವು ಗಂಟೆಗಳ ಮೇಲೆ ಕತ್ತು ಬಿಗಿಯಬಹುದು. ಕೆಲವೊಮ್ಮೆ ಇವು ಯಾವುವೂ ಇಲ್ಲದೆ, ನೋವೂ ತಗ್ಗಿ, ಮನುಷ್ಯ ಎದ್ದು ಕಾಫಿ ಕುಡಿಯುತ್ತಾನೆ. ಮನೆಯವರು ಗ್ಯಾಸ್ ಎಂದುಕೊಂಡು ಸುಮ್ಮನಾಗುವುದು ಆಗಲೇ. ಒಡೆದ ಜಾಗ ಮತ್ತೆ ಒಡೆಯುವ ಅಪಾಯ ಅತಿ ಹೆಚ್ಚಿರುವುದು ಮೊದಲ 24 ಗಂಟೆಯಲ್ಲಿ, ಎರಡನೆಯ ಸಲ ಉಳಿಯುವವರು ಕಡಿಮೆ. ನೋವು ಶುರುವಾದ 6 ಗಂಟೆಯೊಳಗೆ ಒಳ್ಳೆಯ ಯಂತ್ರದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ ಅನುಭವಿಗಳು ನೋಡಿದರೆ ಈ ರಕ್ತ ಕಣ್ಣು ತಪ್ಪಿಸಿಕೊಳ್ಳುವುದು ತೀರಾ ಅಪರೂಪ. ತಡವಾದಂತೆ ರಕ್ತದ ಬಿಳಿ ಗುರುತು ಮಾಸುತ್ತದೆ, ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕಾಗುತ್ತದೆ. ಆದ್ದರಿಂದ ಇಂಥ ನೋವು ಬಂದಾಗ ಮನೆಯವರು ಗಡಿಯಾರ ನೋಡಿ ಹೊತ್ತನ್ನು ನೆನಪಿಟ್ಟುಕೊಳ್ಳಬೇಕು, 108ಕ್ಕೆ ಕರೆ ಮಾಡಬೇಕು. ನೋವು ಇಳಿಯಿತು ಎಂಬುದು ಹೋಗದಿರಲು ಕಾರಣವಾಗಬಾರದು.

ಕ್ಷೌರದಂಗಡಿಯಲ್ಲಿ ತಲೆ ಮಾಲೀಸಿನ ಕೊನೆಗೆ ಕತ್ತನ್ನು ಫಟಕ್ಕೆಂದು ತಿರುಗಿಸಿ ನೆಟಿಗೆ ತೆಗೆಯುವ ರೂಢಿ ನನಗೆ ಯಾವಾಗಲೂ ಭಯ ಹುಟ್ಟಿಸುತ್ತದೆ. ಕತ್ತಿನ ರಕ್ತನಾಳದ ಒಳಪದರ ಹರಿದರೆ ಅಲ್ಲಿ ಹೆಪ್ಪುಗಟ್ಟಿ, ಅದು ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ಕತ್ತಿಗೆ ಪೆಟ್ಟೋ ತಿರುಚೋ ಆದ ಮೇಲೆ ಒಂದೇ ಕಡೆ ಕತ್ತು ಮತ್ತು ತಲೆ ಹೊಸದಾಗಿ ನೋಯತೊಡಗಿದರೆ, ಅದೇ ಕಡೆಯ ರೆಪ್ಪೆ ಜೋತುಬಿದ್ದರೆ, ಅದು ಬಾಮು ಹಚ್ಚಿ ಕಾಯುವ ನೋವಲ್ಲ. ಮುಖ ಓರೆಯಾಗುವುದು, ಒಂದು ಕೈ ಬೀಳುವುದು, ಮಾತು ತೊದಲುವುದು ಯಾವ ತಲೆನೋವಿನ ಜೊತೆ ಬಂದರೂ ಕಾಯುವ ಪ್ರಶ್ನೆಯಿಲ್ಲ. ಕೆಲವು ಮೈಗ್ರೇನ್‌ಗಳಲ್ಲಿ ನೋವಿಗೆ ಮುಂಚೆ ಕಣ್ಣ ಮುಂದೆ ಅಂಕುಡೊಂಕು ಮಿಂಚು ಕಾಣುತ್ತದೆ, ಕೈ ಜೋಮು ಹಿಡಿಯುತ್ತದೆ. ಅದು ನಿಮಿಷ ನಿಮಿಷಕ್ಕೆ ಹರಡುತ್ತ ಬಂದು ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಹೋಗುತ್ತದೆ. ಪಾರ್ಶ್ವವಾಯು ದೀಪ ಆರಿದಂತೆ ಒಮ್ಮೆಗೇ ಬರುತ್ತದೆ. ಮೊದಲ ಸಲ ಹಾಗಾದವರು ಮಾತ್ರ ಈ ವ್ಯತ್ಯಾಸವನ್ನು ಮನೆಯಲ್ಲೇ ಕೂತು ತೂಗುವುದು ಬೇಡ.

ಜ್ವರ ಬಂದಾಗ ತಲೆ ನೋಯುವುದು ಸಹಜ. ಡೆಂಗಿಯಲ್ಲಂತೂ ಕಣ್ಣುಗುಡ್ಡೆಯ ಹಿಂದೆಯೇ ನೋಯುತ್ತದೆ. ಗಮನಿಸಬೇಕಾದ್ದು ಗಲ್ಲವನ್ನು ಎದೆಗೆ ತಾಗಿಸಲಾಗದಂಥ ಕತ್ತಿನ ಬಿಗಿತ, ಮಂಪರು, ಅಸಂಬದ್ಧ ಮಾತು, ಮೈಮೇಲೆ ಒತ್ತಿದರೂ ಮಾಯದ ಕೆಂಪು ಕಲೆ. ಮೆದುಳಿನ ಪೊರೆಗೆ ಸೋಂಕು ತಗಲಿದ್ದರೆ ಆ್ಯಂಟಿಬಯಾಟಿಕ್ ಇಂಜೆಕ್ಷನ್ ತಡವಾದ ಪ್ರತಿ ಗಂಟೆಯೂ ದುಬಾರಿ. ತಲೆನೋವು, ಜ್ವರ, ಕತ್ತಿನ ಬಿಗಿತ, ಮಂಪರು ನಾಲ್ಕೂ ಕೂಡಿ ಬರಲಿ ಎಂದು ಕಾಯಬಾರದು. ಈ ಸೋಂಕಿನ ಬಹುತೇಕ ರೋಗಿಗಳಲ್ಲಿ ಇವುಗಳಲ್ಲಿ ಎರಡಾದರೂ ಇರುತ್ತವೆ, ಎಲ್ಲವೂ ಇರುವವರು ಕಡಿಮೆ.

ನಮ್ಮ ದೇಶಕ್ಕೆ ಇನ್ನೂ ಮೋಸದ ಸೋಂಕೊಂದು ಗಂಟುಬಿದ್ದಿದೆ: ಮೆದುಳಿನ ಪೊರೆಯ ಕ್ಷಯ. ಅದು ಗಡಿಬಿಡಿ ಮಾಡುವುದಿಲ್ಲ. ಸಂಜೆ ಸ್ವಲ್ಪ ಮೈ ಬೆಚ್ಚಗೆ, ಊಟ ಸೇರದು, ತೂಕ ಇಳಿಯುತ್ತದೆ, ತಲೆನೋವು ಎರಡು ಮೂರು ವಾರವಾದರೂ ಬಿಡದು. ಸದಾ ಚುರುಕಾಗಿದ್ದ ಹುಡುಗ ಸಿಡುಕುತ್ತಾನೆ, ಪಾಠದಲ್ಲಿ ಮನಸ್ಸಿಲ್ಲ. ಟೈಫಾಯ್ಡ್ ಇರಬಹುದೆಂದು ಒಂದು ಕೋರ್ಸು, ಆಮೇಲೆ ಇನ್ನೊಂದು. ಮಂಪರು ಕವಿದ ಮೇಲೆ ಆಸ್ಪತ್ರೆಗೆ ತಂದರೆ ಗುಣವಾದರೂ ಅಂಗವಿಕಲತೆ ಉಳಿಯಬಹುದು. ಮೊದಲ ಹಂತದಲ್ಲಿ ಸಿಕ್ಕಿದರೆ ಫಲ ಎಷ್ಟೋ ಚೆನ್ನಾಗಿರುತ್ತದೆ. ಜ್ವರದ ಜೊತೆಗಿನ ತಲೆನೋವು ವಾರ ದಾಟಿತು ಎಂದರೆ ಮತ್ತೊಂದು ಮಾತ್ರೆ ಬರೆಸಿಕೊಳ್ಳದೆ "ಬೆನ್ನಿನ ನೀರಿನ ಪರೀಕ್ಷೆ ಬೇಕಾ ಡಾಕ್ಟ್ರೇ?" ಎಂದು ಕೇಳುವುದರಲ್ಲಿ ತಪ್ಪಿಲ್ಲ. ಆ ಪರೀಕ್ಷೆಯಿಂದ ಸೊಂಟ ಬಿದ್ದುಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಜಾಗಕ್ಕಿಂತ ಕೆಳಗೆ.

ಮತ್ತೆ ಬಾಣಂತಿಯ ಕೋಣೆಗೆ ಬರುತ್ತೇನೆ. ಐದು ತಿಂಗಳು ತುಂಬಿದ ಮೇಲೆ ಗರ್ಭಿಣಿಗೆ ಬರುವ ತಲೆನೋವಿಗೆ ಮೊದಲು ಮಾಡಬೇಕಾದ್ದು ಬಿ.ಪಿ. ನೋಡುವುದು. 140/90 ಅಥವಾ ಅದಕ್ಕಿಂತ ಹೆಚ್ಚಿದ್ದು, ಕಣ್ಣ ಮುಂದೆ ಮಿಣುಕು ಕಂಡು, ಪಕ್ಕೆಯ ಕೆಳಗೆ ಹೊಟ್ಟೆಯ ಮೇಲ್ಭಾಗ ನೋಯುತ್ತಿದ್ದರೆ, ಮುಖ ಕೈ ಊದಿದ್ದರೆ ಅದು ಹಳಬರು ನಂಜು ಎನ್ನುತ್ತಿದ್ದ ಕಾಯಿಲೆಯಾಗಿರಬಹುದು. ಮುಂದಿನ ಹೆಜ್ಜೆ ಫಿಟ್ಸ್. ಅದನ್ನು ತಡೆಯಲು ಮೆಗ್ನೀಷಿಯಂ ಸಲ್ಫೇಟ್ ಎಂಬ ಅಗ್ಗದ ಇಂಜೆಕ್ಷನ್ ಇದೆ. ಅನೇಕ ದೇಶಗಳಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದು ಫಿಟ್ಸ್‌ನ ಅಪಾಯವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿತು. ಹೆರಿಗೆ ಆಯಿತು, ಅಪಾಯ ಕಳೆಯಿತು ಎನ್ನುವ ಹಾಗಿಲ್ಲ. ಈ ಬಿ.ಪಿ. ಹೆರಿಗೆಯ ಮೇಲೂ ಕೆಲವು ವಾರ ತಲೆ ಎತ್ತಬಹುದು. ಆಶಾ ಕಾರ್ಯಕರ್ತೆ ಮಗುವಿನ ತೂಕ ನೋಡಲು ಬಂದಾಗ ತಾಯಿಯ ತಲೆನೋವನ್ನೂ ಹೇಳಿಕೊಳ್ಳಬೇಕು.

ನನ್ನ ತಂಗಿಗೆ ಆದದ್ದು ಮೆದುಳಿನ ಅಭಿಧಮನಿಯ ಹೆಪ್ಪು. ಹೆರಿಗೆಯ ಸುತ್ತಮುತ್ತಲಿನ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ಮೈಯಲ್ಲಿ ನೀರಿನಂಶ ಕಡಿಮೆಯಾದರೆ ಇನ್ನಷ್ಟು. ನಿಮ್ಹಾನ್ಸ್‌ನ ವೈದ್ಯರು ಬಾಣಂತಿಯರ ಈ ಕಾಯಿಲೆಯ ಬಗ್ಗೆ ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ದಪ್ಪವಾಗುತ್ತದೆ, ಮಗುವಿಗೆ ಶೀತವಾಗುತ್ತದೆ ಎಂಬ ಪಥ್ಯ ಅಲ್ಲಿ ಪ್ರಾಣದ ಪ್ರಶ್ನೆಯಾಗುತ್ತದೆ. ನಮ್ಮ ಹಿರಿಯರ ಬಾಣಂತನದಲ್ಲಿ ಎಣ್ಣೆನೀರು, ವಿಶ್ರಾಂತಿ, ತುಪ್ಪದನ್ನ, ಬಂದವರನ್ನು ದೂರವಿಡುವ ವಿವೇಕ ಎಲ್ಲ ಇತ್ತು. ಅದನ್ನೆಲ್ಲ ಉಳಿಸಿಕೊಂಡು ನೀರಿನ ಕಟ್ಟನ್ನು ಮಾತ್ರ ಬಿಡಬೇಕು ಎಂದು ನಾನು ಎಲ್ಲ ಅಜ್ಜಿಯರನ್ನೂ ಬೇಡಿಕೊಳ್ಳುತ್ತೇನೆ. ಈ ಹೆಪ್ಪಿನ ಹತ್ತು ರೋಗಿಗಳಲ್ಲಿ ಒಂಬತ್ತು ಜನರಿಗೆ ತಲೆನೋವು ಇರುತ್ತದೆ, ದಿನದಿಂದ ದಿನಕ್ಕೆ ಏರುತ್ತದೆ, ಹಲವರಿಗೆ ಮಲಗಿದರೆ, ಮುಕ್ಕಿದರೆ, ಕೆಮ್ಮಿದರೆ ಹೆಚ್ಚುತ್ತದೆ. ಹೆಪ್ಪು ತಡೆಯುವ ಹೆಪಾರಿನ್ ಬೇಗ ಸಿಕ್ಕರೆ ಬಹುಪಾಲು ಜನ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಸಿಸೇರಿಯನ್‌ಗೆ ಬೆನ್ನಿಗೆ ಅರಿವಳಿಕೆ ಕೊಟ್ಟ ಮೇಲೆ ಬರುವ ತಲೆನೋವು ಇದರ ತದ್ವಿರುದ್ಧ. ಕೂತರೆ, ನಿಂತರೆ ಬರುತ್ತದೆ, ಮಲಗಿದರೆ ಹೋಗುತ್ತದೆ. ಅದಕ್ಕೂ ವೈದ್ಯರಿಗೆ ಹೇಳಬೇಕು, ಆದರೆ ಅಂಜಬೇಕಿಲ್ಲ. ಮೊದಲು ಹೀಗಿದ್ದ ನೋವು ಆಮೇಲೆ ಮಲಗಿದರೂ ಬಿಡದಂತಾದರೆ ಮತ್ತೆ ತೋರಿಸಬೇಕು.

ವಯಸ್ಸಾದವರ ತಲೆನೋವಿಗೆ ಬೇರೆಯೇ ಲೆಕ್ಕ. ಐವತ್ತರವರೆಗೆ ತಲೆನೋವೇ ಇಲ್ಲದವರಿಗೆ ಹೊಸದಾಗಿ ಶುರುವಾದರೆ ಕಾರಣ ಹುಡುಕಲೇಬೇಕು. ತಲೆ ಬಾಚುವಾಗ ನೆತ್ತಿ ನೋಯುವುದು, ಅಗಿಯುವಾಗ ದವಡೆ ಸೋಲುವುದು ಕಣತಲೆಯ ರಕ್ತನಾಳದ ಉರಿಯೂತದ ಗುರುತು. ನಮ್ಮಲ್ಲಿ ಅದು ಅಪರೂಪವಾದರೂ ಸ್ಟೀರಾಯ್ಡ್ ತಡವಾದರೆ ಕಣ್ಣೇ ಹೋಗುತ್ತದೆ. ಅದಕ್ಕಿಂತ ಹೆಚ್ಚು ಕಾಣುವುದು ತಲೆಚಿಪ್ಪಿನ ಕೆಳಗೆ ನಿಧಾನವಾಗಿ ತುಂಬುವ ರಕ್ತ. ತಾತ ಬಚ್ಚಲುಮನೆಯ ಬಾಗಿಲಿಗೆ ತಲೆ ತಾಗಿಸಿಕೊಂಡದ್ದು ತಿಂಗಳ ಹಿಂದೆ, ಎಲ್ಲರಿಗೂ ಮರೆತಿರುತ್ತದೆ. ಈಗ ಅವರಿಗೆ ತಲೆ ಭಾರ, ನಡಿಗೆ ಓಲಾಟ, ಮಾತು ಮರೆವು. "ವಯಸ್ಸಾಯ್ತಲ್ಲ" ಎಂದು ಬಿಟ್ಟುಬಿಡುತ್ತೇವೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಸುಲಭವಾಗಿ ಆಗುತ್ತದೆ. ತಲೆಬುರುಡೆಗೆ ಸಣ್ಣ ರಂಧ್ರ ಮಾಡಿ ರಕ್ತ ಹೊರಬಿಟ್ಟರೆ ಎಷ್ಟೋ ಜನ ಕೆಲವೇ ದಿನದಲ್ಲಿ ಮೊದಲಿನಂತಾಗುತ್ತಾರೆ. ಇನ್ನು ಒಂದು ಕಣ್ಣು ಕೆಂಪಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡು, ತಲೆನೋವು ವಾಂತಿ ಬಂದರೆ ಹೋಗಬೇಕಾದ್ದು ಕಣ್ಣಿನ ವೈದ್ಯರಲ್ಲಿಗೆ, ಅಂದೇ. ಕಣ್ಣಿನೊಳಗಿನ ಒತ್ತಡ ಏಕಾಏಕಿ ಏರುವ ಗ್ಲಾಕೋಮಾ ಅದು.

ತಲೆನೋವು ಒಬ್ಬರಿಗಷ್ಟೇ ಬರದೆ ಮನೆಯವರಿಗೆಲ್ಲ ಒಟ್ಟಿಗೆ ಬಂದರೆ? ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನ ಮಾಡುವಾಗ ತಲೆನೋವು ಬಂದು, ತಲೆ ಸುತ್ತಿದರೆ? ಅದು ಕಾರ್ಬನ್ ಮೊನಾಕ್ಸೈಡ್ ಆಗಿರಬಹುದು. ವಾಸನೆಯಿಲ್ಲ, ಬಣ್ಣವಿಲ್ಲ. ಮಾತ್ರೆ ಹುಡುಕುವ ಮೊದಲು ಬಾಗಿಲು ತೆಗೆದು ಹೊರಗೆ ಗಾಳಿಗೆ ಬರಬೇಕು. ಆಮೇಲೆ ಆಸ್ಪತ್ರೆ, ಆಮೇಲೆ ಗೀಸರನ್ನು ಬಚ್ಚಲಿನಿಂದ ಹೊರಗೆ ಕೂರಿಸುವ ಕೆಲಸ.

ಎಲ್ಲರ ಮನಸ್ಸಿನಲ್ಲೂ ಇರುವ ಹೆದರಿಕೆ ಗಡ್ಡೆಯದು. ಬೇರೆ ಯಾವ ಲಕ್ಷಣವೂ ಇಲ್ಲದೆ ಬರೀ ತಲೆನೋವಾಗಿ ಗಡ್ಡೆ ಕಾಣಿಸಿಕೊಳ್ಳುವುದು ಅಪರೂಪ. ವಾರಗಳಲ್ಲಿ ಏರುತ್ತಲೇ ಹೋಗುವ ನೋವು, ನಸುಕಿನಲ್ಲಿ ಎಬ್ಬಿಸುವ ನೋವು, ವಾಂತಿ, ಮೊದಲ ಸಲದ ಫಿಟ್ಸ್, ಎರಡೆರಡು ಕಾಣುವುದು, ಸ್ವಭಾವ ಬದಲಾಗುವುದು, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸ ತಲೆನೋವು, ಚಿಕ್ಕ ಮಗು ತಲೆ ಹಿಡಿದುಕೊಂಡು ಅಳುವುದು: ಇಂಥವು ಇದ್ದರೆ ಸ್ಕ್ಯಾನ್ ಬೇಕು. ಹತ್ತು ವರ್ಷದಿಂದ ಬದಲಾಗದೆ ಬಂದುಹೋಗುವ ಮೈಗ್ರೇನ್‌ಗೆ, ಪರೀಕ್ಷೆಯಲ್ಲಿ ನರಗಳೆಲ್ಲ ಸರಿಯಿದ್ದರೆ, ಸ್ಕ್ಯಾನ್ ಬೇಡ. ಅದಕ್ಕೆ ಸುರಿಯುವ ದುಡ್ಡಿನಲ್ಲಿ ವರ್ಷದ ಒಳ್ಳೆಯ ಚಿಕಿತ್ಸೆ ಆಗುತ್ತದೆ. ಸ್ಕ್ಯಾನ್ ಬರೆಯದ ವೈದ್ಯರು ನಿರ್ಲಕ್ಷ್ಯ ಮಾಡಿದರು ಎಂದುಕೊಳ್ಳಬೇಡಿ. ಕಣ್ಣಿನ ಪಾಪೆಯೊಳಗೆ ಬೆಳಕು ಬಿಟ್ಟು ಹಿಂದಿನ ನರ ಊದಿದೆಯೇ ಎಂದು ನೋಡಿದ್ದರೆ, ನಡೆಸಿ, ಕತ್ತು ಬಗ್ಗಿಸಿ, ಬಿ.ಪಿ. ನೋಡಿದ್ದರೆ ಅವರು ದೊಡ್ಡ ಕೆಲಸವನ್ನೇ ಮಾಡಿದ್ದಾರೆ.

ಅಪಾಯವಿಲ್ಲದ ತಲೆನೋವಿಗೂ ವೈದ್ಯರು ಬೇಕಾಗುವುದುಂಟು. ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ಸಾದಾ ನೋವಿನ ಮಾತ್ರೆ, ಇಲ್ಲವೇ 10 ದಿನ ಹಲವು ಔಷಧಿ ಬೆರೆಸಿದ ಮಾತ್ರೆ ಮೂರು ತಿಂಗಳಿಗೂ ಮೀರಿ ನುಂಗಿದರೆ ಮಾತ್ರೆಯೇ ತಲೆನೋವನ್ನು ಉಳಿಸತೊಡಗುತ್ತದೆ. ಅಂಗಡಿಯಲ್ಲಿ ಬಿಡಿಬಿಡಿಯಾಗಿ ಕೊಂಡ ಗುಳಿಗೆಯನ್ನು ಯಾರೂ ಎಣಿಸಿರುವುದಿಲ್ಲ. ನಿಮ್ಹಾನ್ಸ್‌ನ ಅದೇ ಅಧ್ಯಯನದಲ್ಲಿ ಹೀಗೆ ಸಿಕ್ಕಿಕೊಂಡಿರಬಹುದಾದವರು ಶೇ. 1.2, ಗಂಡಸರಿಗಿಂತ ಹೆಂಗಸರಲ್ಲಿ ಐದು ಪಟ್ಟು. ನೋವು ಪದೇಪದೇ ಬರುವವರಿಗೆ ಅದು ಬಾರದಂತೆ ತಡೆಯುವ ದಿನದ ಔಷಧಿಗಳಿವೆ, ಅವುಗಳಲ್ಲಿ ಹಲವು ಅಗ್ಗದವು. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಶುರುಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲಿ ಪಾರ್ಶ್ವವಾಯು, ಮೂರ್ಛೆರೋಗ, ಮರೆಗುಳಿತನದ ಸಾಲಿನಲ್ಲಿ ತಲೆನೋವಿಗೂ ಜಾಗ ಕೊಟ್ಟಿರುವುದು ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ. ಹೋಗುವಾಗ ಕ್ಯಾಲೆಂಡರಿನ ಹಾಳೆಯನ್ನೇ ತೆಗೆದುಕೊಂಡು ಹೋಗಿ: ನೋವು ಬಂದ ದಿನಕ್ಕೆ ಒಂದು ಚುಕ್ಕೆ, ಮಾತ್ರೆ ನುಂಗಿದ ದಿನಕ್ಕೆ ಒಂದು ಗೀಟು, ಮುಟ್ಟಿನ ದಿನಕ್ಕೆ ಇನ್ನೊಂದು ಗುರುತು.

ತಂಗಿಗೆ ನಾಲ್ಕು ವರ್ಷದ ಮೇಲೆ ಎರಡನೆಯ ಮಗುವಾಯಿತು. ಬಸುರಿಯಿದ್ದಾಗಿನಿಂದ ಹೆರಿಗೆಯ ಆರು ವಾರದವರೆಗೆ ದಿನವೂ ಹೊಟ್ಟೆಗೆ ಹೆಪಾರಿನ್ ಚುಚ್ಚಿಕೊಳ್ಳಬೇಕಾಯಿತು. ಅದೇ ಕೋಣೆ, ಅದೇ ಸಾಂಬ್ರಾಣಿ ಹೊಗೆ. ಹಾಸಿಗೆಯ ಪಕ್ಕದ ಮಣೆಯ ಮೇಲೆ ಅಮ್ಮ ದೊಡ್ಡ ತಾಮ್ರದ ಚೊಂಬಿನಲ್ಲಿ ನೀರಿಟ್ಟಿದ್ದಳು. ರಾತ್ರಿ ಮಗು ಅತ್ತಾಗಲೆಲ್ಲ ಎದ್ದು ಬಂದು ಮೊದಲು ಚೊಂಬನ್ನು ಎತ್ತಿ ನೋಡುತ್ತಿದ್ದಳು. ಅದು ತುಂಬಿಯೇ ಇದ್ದರೆ, "ಯಾಕೆ, ಕುಡಿದಿಲ್ಲ?" ಎಂದು ಗದರುತ್ತಿದ್ದಳು.